ಎರಡು ಬಣ್ಣದ ಪರದೆ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಬಸ್ಸಿನಿಂದ ಇಳಿದ ಮಾಸ್ಟರ್ ಮೊದಲು ಮಾಡಿದ ಕೆಲಸವೆಂದರೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡದ್ದು. ಬಿಸಿಲಿಗೆ ಎಂದು ತನಗೆ ತಾನೇ ಹೇಳಿಕೊಂಡ. ಬಿಸಿಲೇನೂ ಇರಲಿಲ್ಲ.

ಮಾಸ್ಟರ್ ಎಂದರೆ ಪಾಠ ಹೇಳುವ ಮೇಷ್ಟರಲ್ಲ, ಕತ್ತರಿ ಮಾಸ್ಟರ್. ನಗರದಲ್ಲಿ ಅವನದು ದೊಡ್ಡ ಅಂಗಡಿ. ನಾಟಕದ ರಂಗಕ್ಕೆ, ಸಿನಿಮಾ ಮಂದಿರಕ್ಕೆ, ದೊಡ್ಡ ಹೋಟೆಲುಗಳಿಗೆ ಪರದೆ ಹೊಲಿದುಕೊಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಹೆಸರು. ಐವತ್ತು ದಾಟಿದವನಿಗೆ ಬಹುವಚನ ಕೊಡುವುದು ಮರ್ಯಾದೆ. ಆದರೆ ಈ ಎರಡು ದಿನದ ಮಟ್ಟಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ, ಕ್ಷಮಿಸಿ.

ಅವನು ಹುಟ್ಟಿ ಬೆಳೆದ ಊರಿನ ಟೌನ್ ಹಾಲ್ ದುರಸ್ತಿಯಾಗುತ್ತಿತ್ತು. ಹೊಸ ಪರದೆ ಬೇಕು, ನಮ್ಮೂರಿನವರೇ ನೀವಿದ್ದೀರಲ್ಲ ಎಂದು ಪುರಸಭೆಯವರು ಫೋನ್ ಮಾಡಿದ್ದರು. ಅಳತೆ ತೆಗೆಯಲು ಅವನ ಅಂಗಡಿಯಲ್ಲಿ ನಾಲ್ಕು ಜನ ಇದ್ದಾರೆ, ಯಾರನ್ನಾದರೂ ಅಟ್ಟಬಹುದಿತ್ತು. ಇಪ್ಪತ್ತಾರು ವರ್ಷದಿಂದ ಊರಿನ ಕಡೆ ತಲೆ ಹಾಕಿ ಮಲಗದವನು ಈಗ ತಾನೇ ಹೊರಟುಬಂದದ್ದು ಹಳೆಯ ಪರದೆಯ ಚಿಂತೆಯಿಂದ. ಅದೇನು ಚಿಂತೆ ಎಂದು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಡುವ ಕೆಲಸವನ್ನು ಅವನೇ ಬೇಕಾದಷ್ಟು ಮಾಡಿದ್ದಾನೆ.

ಆಗ ಅವನಿಗೆ ಇಪ್ಪತ್ತೈದು. ಮುಖ್ಯರಸ್ತೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ. ಅಲ್ಲೇ ಇನ್ನೊಬ್ಬಳಿದ್ದಳು, ಅವನಿಗಿಂತ ಮೂರು ವರ್ಷ ದೊಡ್ಡವಳು. ಅಕ್ಕ ಎಂದು ಕರೆಯುತ್ತಿದ್ದ. ಕತ್ತರಿಗೂ ಸೈ, ಮಷಿನ್ನಿಗೂ ಸೈ ಎನ್ನುವಂಥವಳು. ಯಜಮಾನರಿಗೆ ಕಣ್ಣು ಮಂಜಾಗುತ್ತ ಬಂದಿತ್ತು, ನಿಮ್ಮಿಬ್ಬರಲ್ಲಿ ಒಬ್ಬರನ್ನು ಕತ್ತರಿಸುವ ಮೇಜಿಗೆ ಖಾಯಂ ಮಾಡುತ್ತೇನೆ ಎಂದಿದ್ದರು. ಅದು ಅಕ್ಕನಿಗೇ ಎಂದು ಅಂಗಡಿಯವರಿಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಒಳಗೊಳಗೇ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಟೌನ್ ಹಾಲಿನ ಪರದೆಯ ಕೆಲಸ ಬಂತು. ಕೆಂಪು ಮಖಮಲ್ಲು, ಹದಿನಾರು ಪಟ್ಟಿ.

ಮಖಮಲ್ಲಿನ ಮೇಲಿನ ಸಣ್ಣ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ಈ ಕಡೆಗೆ ಸವರಿದರೆ ನುಣುಪು, ಆ ಕಡೆಗೆ ಸವರಿದರೆ ಒರಟು. ಪಟ್ಟಿಗಳನ್ನು ಜೋಡಿಸುವಾಗ ಎಲ್ಲದರ ರೋಮವೂ ಒಂದೇ ಕಡೆಗಿರಬೇಕು. ಇಲ್ಲದಿದ್ದರೆ ದೀಪ ಬಿದ್ದಾಗ ಒಂದು ಪಟ್ಟಿ ಕಡುಗೆಂಪು, ಪಕ್ಕದ್ದು ತಿಳಿಗೆಂಪು. ಅದಕ್ಕೇ ಆ ಅಂಗಡಿಯಲ್ಲಿ ಒಂದು ಕ್ರಮವಿತ್ತು. ಕತ್ತರಿಸುವವರು ಪ್ರತಿಯೊಂದು ಪಟ್ಟಿಯನ್ನೂ ಅಂಗೈಯಲ್ಲಿ ಸವರಿ ನೋಡಿ, ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಒಂದು ಬಾಣ ಬರೆಯಬೇಕು. ಹೊಲಿಯುವವರು ಬಾಣ ನೋಡಿಕೊಂಡು ಜೋಡಿಸಬೇಕು. ಬಾಣ ಬಿದ್ದ ಮೇಲೆ ಇನ್ನೊಮ್ಮೆ ಸವರಿ ನೋಡಿದರೆ ಕತ್ತರಿಸಿದವರ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಯಾರೂ ಹಾಗೆ ಮಾಡುತ್ತಿರಲಿಲ್ಲ.

ಆ ದಿನ ಕತ್ತರಿಸಿದವನು ಇವನು. ಅಕ್ಕನಿಗಿಂತ ಚುರುಕು ಎಂದು ತೋರಿಸಬೇಕಿತ್ತಲ್ಲ. ಬಟ್ಟೆಯನ್ನು ಉದ್ದಕ್ಕೆ ಹಾಸಿ, ತುದಿಯನ್ನು ಹಿಂದಕ್ಕೆ ಮಡಚಿ ಎರಡು ಪದರ ಮಾಡಿ, ಎರಡೆರಡು ಪಟ್ಟಿ ಒಟ್ಟಿಗೆ ಕತ್ತರಿಸಿ ಎಸೆದ. ಹಾಗೆ ಮಡಚಿದರೆ ಮೇಲಿನ ಪದರದ ರೋಮ ಉಲ್ಟಾ ತಿರುಗುತ್ತದೆ ಎಂಬುದು ಆರು ತಿಂಗಳು ಕೆಲಸ ಕಲಿತವರಿಗೂ ಗೊತ್ತು. ಅವಸರಕ್ಕೆ ಬುದ್ಧಿ ಎಲ್ಲಿ? ಸವರಲೂ ಇಲ್ಲ, ಹದಿನಾರಕ್ಕೂ ಒಂದೇ ದಿಕ್ಕಿಗೆ ಬಾಣ ಬರೆದ. ಅಕ್ಕ ಬಾಣ ನೋಡಿಕೊಂಡು ಜೋಡಿಸಿದಳು, ಹಿಂದೆ ಲೈನಿಂಗ್ ಹೊಲಿದಳು. ಬಾಣಗಳು ಒಳಗೆ ಮುಚ್ಚಿಹೋದವು.

ಪರದೆ ಏರಿಸಿದ ಸಂಜೆ ದೀಪ ಹಾಕಿದ್ದೇ ತಡ, ಊರಿಗೆ ಊರೇ ನಕ್ಕಿತು. ಎಂಟು ಪಟ್ಟಿ ಒಂದು ಬಣ್ಣ, ಎಂಟು ಪಟ್ಟಿ ಇನ್ನೊಂದು. ಮರುದಿನ ಯಜಮಾನರು ಇಬ್ಬರನ್ನೂ ನಿಲ್ಲಿಸಿಕೊಂಡು ಕೇಳಿದರು. ಒಂದು ಗೇಣು ಲೈನಿಂಗ್ ಬಿಚ್ಚಿದ್ದರೆ ಯಾರ ತಪ್ಪೆಂದು ತಿಳಿಯುತ್ತಿತ್ತು. ಬಿಚ್ಚುವ ಮೊದಲೇ ಇವನು ಬಾಯಿ ಹಾಕಿದ. "ಬಾಣ ಸರಿಯಾಗೇ ಇತ್ತು ಯಜಮಾನ್ರೇ, ನಾನೇ ಸವರಿ ನೋಡಿ ಹಾಕಿದ್ದು. ಜೋಡಿಸೋವಾಗ ತಿರುಗಿರಬೇಕು." ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಡಿ ಎಂದು ಬಿಡಬಹುದಿತ್ತು. ಮಹಾನುಭಾವ ಇನ್ನೂ ಒಂದು ಮಾತು ಸೇರಿಸಿದ. "ಪಾಪ, ಮನುಷ್ಯರ ಕೈ, ತಪ್ಪಾಗುತ್ತೆ. ಅಕ್ಕನ್ನ ಕೆಲಸದಿಂದ ಮಾತ್ರ ತೆಗೀಬೇಡಿ." ಯಜಮಾನರು ಅವನ ಬೆನ್ನು ತಟ್ಟಿದರು. ಮೇಜು ಅವನದಾಯಿತು. ಅಕ್ಕನನ್ನು ಗುಂಡಿ ಹೊಲಿಯುವುದಕ್ಕೆ ಕೂರಿಸಿದರು. ವರ್ಷದೊಳಗೆ ಇವನು ನಗರ ಸೇರಿದ.

ಈಗ ಆ ಪರದೆ ಇಳಿಯುತ್ತದೆ, ಯಾರಾದರೂ ಲೈನಿಂಗ್ ಬಿಚ್ಚುತ್ತಾರೆ, ಬಾಣ ಕಾಣುತ್ತದೆ. ಮಾಸ್ಟರಿಗೆ ಇದ್ದ ಚಿಂತೆ ಇದು.

ಬಸ್ ನಿಲ್ದಾಣದಿಂದ ಮುಖ್ಯರಸ್ತೆಗೆ ನಡೆದ. ಹಳೆಯ ಔಷಧಿ ಅಂಗಡಿ ಎರಡು ಅಂತಸ್ತಾಗಿತ್ತು. ಅವನು ಓದಿದ ಶಾಲೆಯ ಗೋಡೆಗೆ ಹೊಸ ಸುಣ್ಣ, ಗೇಟು ಮಾತ್ರ ಅದೇ, ಅದೇ ಕಡೆಗೆ ವಾಲಿಕೊಂಡಿತ್ತು. ಎದುರು ಬಂದವರಲ್ಲಿ ಯಾರೂ ಅವನನ್ನು ಗುರುತು ಹಿಡಿಯಲಿಲ್ಲ. ಅದರಿಂದ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹೊಲಿಗೆ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಫೋನಿನ ಕವರು ಮಾರುತ್ತಿದ್ದರು. ಕವರು ನೋಡುವವನ ಹಾಗೆ ಒಳಗೆ ಹೋದ. ಗೋಡೆ, ಸೂರು, ದೀಪ ಎಲ್ಲ ಬದಲಾಗಿದ್ದವು. ನೆಲ ಬದಲಾಗಿರಲಿಲ್ಲ. ಎಡಗೋಡೆಯ ಹತ್ತಿರ ಸಿಮೆಂಟು ಎರಡು ಪಾದದಗಲ ಸವೆದು ನುಣುಪಾಗಿತ್ತು. ಕತ್ತರಿಸುವ ಮೇಜಿನ ಮುಂದೆ ಯಜಮಾನರು ಮೂವತ್ತು ವರ್ಷ ನಿಂತ ಜಾಗ, ಆಮೇಲೆ ತಾನು ಒಂದು ವರ್ಷ ನಿಂತ ಜಾಗ. ಅಕ್ಕ ಅಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಯಾವ ಮಾಡೆಲ್ ಬೇಕು ಎಂದು ಅಂಗಡಿಯ ಹುಡುಗಿ ಕೇಳಿದಳು. ಏನೂ ಬೇಡಮ್ಮ ಎಂದು ಹೊರಗೆ ಬಂದುಬಿಟ್ಟ.

ಟೌನ್ ಹಾಲಿನಲ್ಲಿ ಕಾವಲುಗಾರ ಕಾಯುತ್ತಿದ್ದ. ನಲವತ್ತರ ಆಸುಪಾಸಿನವನು, ಬಾಯಿ ಸುಮ್ಮನಿರದ ಮನುಷ್ಯ. ಏಣಿ ಹಿಡಿದುಕೊಂಡ, ಟೇಪಿನ ತುದಿ ಹಿಡಿದುಕೊಂಡ, ಎಲ್ಲದರ ಜೊತೆ ಮಾತು. ಅಳತೆಗಾಗಿ ರಂಗದ ದೀಪ ಹಾಕಿದ. ಪರದೆ ಪಟ್ಟೆಪಟ್ಟೆಯಾಗಿ ಎದ್ದು ಕಂಡಿತು. ಇಷ್ಟು ವರ್ಷದ ಧೂಳು, ಹೊಗೆ, ಬಿಸಿಲು ಯಾವುದೂ ಆ ಎರಡು ಬಣ್ಣವನ್ನು ಒಂದು ಮಾಡಿರಲಿಲ್ಲ.

"ನೋಡಿದ್ರಾ ಸಾರ್ ಚೆಂದಾನ? ನಮ್ಮೂರಲ್ಲಿ ಯಾರಾದ್ರೂ ಕೆಲಸ ಕೆಡಿಸಿದ್ರೆ, ಪರದೆ ಹೊಲಿದ ಅಂತೀವಿ. ಮೊನ್ನೆ ನಮ್ಮ ಭಾವ ಮನೆಗೆ ಬಾಗಿಲು ಇಡಿಸಿದ. ಹೊರಗಡೆ ಇರಬೇಕಾದ ಚಿಲಕ ಒಳಗಡೆ, ಒಳಗಡೇದು ಹೊರಗಡೆ. ನಮ್ಮಕ್ಕ ಬಿಡ್ತಾಳಾ? ಪರದೆ ಹೊಲಿದ್ಯಲ್ಲೋ ಅಂತ ಊಟಕ್ಕೆ ಕೂತಾಗೆಲ್ಲ ಅಂತಾಳೆ."

ಮಾಸ್ಟರ್ ಏಣಿಯ ಮೇಲೆ ನಿಂತು ಟೇಪು ನೋಡುತ್ತಿದ್ದ. ಅಂಕಿ ಕಾಣಲಿಲ್ಲ.

"ಹೊಲಿದೋಳು ಇಲ್ಲೇ ಹಿಂದಿನ ಬೀದೀಲೇ ಇದಾಳೆ. ಪರದೆಯಕ್ಕ ಅಂತೀವಿ. ನಿಜವಾದ ಹೆಸರು ಕೇಳಿದ್ರೆ ನಂಗೂ ಗೊತ್ತಿಲ್ಲ. ಒಳ್ಳೇ ಹೆಂಗಸು, ಎಷ್ಟು ಅಂದ್ರೂ ಕೋಪ ಮಾಡ್ಕೊಳ್ಳಲ್ಲ."

ಇಳಿದುಬಂದು ಅಳತೆ ಬರೆದುಕೊಂಡ. ಆಮೇಲೆ ಬಂದ ಕೆಲಸಕ್ಕೆ ಕೈ ಹಾಕಿದ. ಹಳೆಯ ಪರದೆಯನ್ನು ತಾನೇ ಒಯ್ಯುತ್ತೇನೆ, ನಿಮಗೇಕೆ ಸುಮ್ಮನೆ ತೊಂದರೆ ಎಂದ.

"ಅದು ಆಗಲ್ಲ ಸಾರ್. ಪರದೆಯಕ್ಕ ನಂಗೆ ಬೇಕು ಅಂತ ಹೇಳಿಟ್ಟಿದಾಳೆ, ಪುರಸಭೆ ಸಾಹೇಬ್ರೂ ಹೂಂ ಅಂದಿದಾರೆ. ಅವಳೇ ಬೇಡ ಅಂದ್ರೆ ನೀವು ಒಯ್ಯಿರಿ, ನಮ್ಮದೇನು."

ಆ ಸಂಜೆ ವಸತಿಗೃಹದ ಕೋಣೆಯಲ್ಲಿ ಮಾಸ್ಟರ್ ಒಂದು ಸುಳ್ಳನ್ನು ಚೆನ್ನಾಗಿ ಇಸ್ತ್ರಿ ಮಾಡಿ ಇಟ್ಟುಕೊಂಡ. ಪರದೆಗೆ ಹುಳ ಹಿಡಿದಿದೆ, ಮನೆಗೆ ತಂದರೆ ಗಿರಾಕಿಗಳ ಬಟ್ಟೆಗೂ ಹತ್ತುತ್ತದೆ. ಅಷ್ಟು ಸಾಕು. ನಾಳೆ ಹೋಗುವುದು, ಹೇಳುವುದು, ನಾಲ್ಕು ಗಂಟೆಯ ಬಸ್ಸು ಹಿಡಿಯುವುದು. ಛೀ ಎಂದು ಒಂದು ಸಲ ಅನ್ನಿಸಿತು. ಅನ್ನಿಸಿದರೇನು, ಮಾತನ್ನೇನೂ ಬದಲಾಯಿಸಲಿಲ್ಲ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ಹಿಂದಿನ ಬೀದಿಗೆ ಹೋದ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲ ಪಕ್ಕದಲ್ಲಿ ಹಲಗೆ ತೂಗುತ್ತಿತ್ತು. 'ಬಟ್ಟೆ ರಿಪೇರಿ ಮಾಡಿಕೊಡಲಾಗುವುದು. ಹೊಸ ಬಟ್ಟೆ ತರಬೇಡಿ.' ಎರಡನೆಯ ಸಾಲನ್ನು ಅವನು ಎರಡು ಸಲ ಓದಿದ.

ಒಂದೇ ಕೋಣೆ, ಒಳಗೊಂದು ಅಡುಗೆಮನೆ. ಕಿಟಕಿಯ ಕೆಳಗೆ ಮಷಿನ್. ಗಾಜಿನ ಭರಣಿಗಳಲ್ಲಿ ಬಣ್ಣಕ್ಕೊಂದರಂತೆ ಗುಂಡಿಗಳು, ಮೊಳೆಗಳಿಗೆ ಅಳತೆ ಪ್ರಕಾರ ತೂಗಿದ ಜಿಪ್ಪುಗಳು. ತುದಿ ಮಡಚಬೇಕಾದ ಪ್ಯಾಂಟುಗಳು ಒಂದರ ಮೇಲೊಂದು, ಪ್ರತಿಯೊಂದಕ್ಕೂ ಗಿರಾಕಿಯ ಚೀಟಿ ಪಿನ್ ಮಾಡಿತ್ತು. ಅಂಥ ಅಚ್ಚುಕಟ್ಟು ಅವನ ದೊಡ್ಡ ಅಂಗಡಿಯಲ್ಲೂ ಇರಲಿಲ್ಲ. ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಕೂದಲು ಪೂರ್ತಿ ನೆರೆತಿತ್ತು.

"ಟೋಪಿ ತೆಗಿ ನೋಡೋಣ," ಎಂದಳು. ತೆಗೆದ. "ಅಯ್ಯೋ, ನೀನೇನೋ! ಬಾ, ಒಳಗೆ ಬಾ. ತಲೇಲಿ ಕೂದಲೆಲ್ಲ ಎಲ್ಲಿ ಬಿಟ್ಟು ಬಂದೆ?"

ಕುರ್ಚಿ ಒರೆಸಿ ಕೂರಿಸಿದಳು. ಒಳಗಿದ್ದ ಮಗಳನ್ನು ಕೂಗಿದಳು. ಇಪ್ಪತ್ತರ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ, ಅವತ್ತು ರಜ. "ಇವನೇ ಕಣೇ, ನಾನು ಹೇಳ್ತಾ ಇರ್ತೀನಲ್ಲ ಆ ಮಾಸ್ಟರ್. ಇಡೀ ಊರು ನನ್ನ ನೋಡಿ ನಗ್ತಾ ಇದ್ದಾಗ ಇವನೊಬ್ಬನೇ ನನ್ನ ಪರ ನಿಂತಿದ್ದು. ಅಕ್ಕನ್ನ ಕೆಲಸದಿಂದ ತೆಗೀಬೇಡಿ ಅಂತ ಯಜಮಾನರ ಹತ್ತಿರ ಗೋಗರೆದ."

ಹುಡುಗಿ ಕೈ ಮುಗಿದಳು. ಅಮ್ಮ ನಿಮ್ಮ ವಿಷಯ ಹೇಳದ ದಿನವಿಲ್ಲ ಎಂದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಮಾಸ್ಟರಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಗುಳಕ್ಕೆ ಬೇಕಾದ ಉತ್ತರಗಳನ್ನೆಲ್ಲ ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದ. ಮಗಳು ಟೀ ತಂದಿಟ್ಟಳು. ಬೇಗ ಮುಗಿಸಿ ಹೊರಡಬೇಕೆಂದು ಇಸ್ತ್ರಿ ಮಾಡಿಟ್ಟ ಮಾತನ್ನು ಬಿಚ್ಚಿದ.

"ಅಕ್ಕ, ಆ ಹಳೇ ಪರದೆ ನಿಮಗೆ ಬೇಕು ಅಂದ್ರಂತೆ. ಅದಕ್ಕೆ ಹುಳ ಹಿಡಿದಿದೆ. ಮನೆಗೆ ತಂದ್ರೆ ಈ ಬಟ್ಟೆಗಳಿಗೂ ಹತ್ತುತ್ತೆ. ನಾನೇ ಒಯ್ದು ಎಲ್ಲಾದ್ರೂ ಸುಟ್ಟುಬಿಡ್ತೀನಿ."

"ಹೌದಾ?" ಎಂದಳು ಅಕ್ಕ. ಮುಖ ಸ್ವಲ್ಪ ಸಪ್ಪಗಾಯಿತು, ಅಷ್ಟೇ. "ನೀನು ನೋಡಿ ಹೇಳಿದ ಮೇಲೆ ಇನ್ನೇನು. ಒಯ್ಯಿ. ನಂಗೇನು ಅದರಲ್ಲಿ ದಿಂಬು ಹೊಲೀಬೇಕಾಗಿತ್ತಾ? ಲೈನಿಂಗ್ ಬಿಚ್ಚಿ ಒಂದು ಸಲ ಒಳಗೆ ನೋಡೋ ಆಸೆ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ನಂಗೆ ಗೊತ್ತಾಗಿಲ್ಲ ಕಣೋ. ಬಾಣಕ್ಕೆ ಬಾಣ ಇಟ್ಟು ಹೊಲಿದ ನೆನಪು. ಕೈಗೆ ಒಂದೆರಡು ಕಡೆ ಒರಟಾಗಿ ತಾಗಿತ್ತು, ಅದೂ ನೆನಪಿದೆ. ನೀನು ಸವರಿ ನೋಡಿದೀಯಲ್ಲ ಅಂತ ಸುಮ್ಮನಾದೆ. ಆಮೇಲೆ ನನ್ನ ನೆನಪೇ ಸುಳ್ಳು ಅನ್ನಿಸಿಬಿಡ್ತು. ಕೈ ಸುಳ್ಳು ಹೇಳಿದ ಮೇಲೆ ಹೊಸ ಬಟ್ಟೆ ಯಾವ ಧೈರ್ಯದ ಮೇಲೆ ಕತ್ತರಿಸಲಿ? ಬಿಟ್ಟೇಬಿಟ್ಟೆ."

ಬಂದ ಕೆಲಸ ಮುಗಿದಿತ್ತು. ಪರದೆ ಅವನದಾಯಿತು. ಎದ್ದು ಹೋಗಬಹುದಿತ್ತು, ಎದ್ದೂ ನಿಂತ. ಆಗ ಅಕ್ಕ ಅವನ ತೋಳು ಹಿಡಿದು ಮತ್ತೆ ಕೂರಿಸಿದಳು.

"ಒಂದು ಉಪಕಾರ ಮಾಡು. ಇವಳಿಗೆ ಕತ್ತರಿ ಹುಚ್ಚು. ಔಷಧಿ ಅಂಗಡಿ ಬಿಟ್ಟು ಕಟಿಂಗ್ ಕಲೀತಾಳಂತೆ. ಬೇಡ ಅಂದ್ರೆ ನನ್ನ ಮಾತು ಕೇಳಲ್ಲ. ನಮ್ಮ ಕೈಗೆ ಅದು ಹತ್ತಲ್ಲ, ನಾಳೆ ಇವಳನ್ನೂ ಊರು ಆಡಿಕೊಳ್ಳುತ್ತೆ. ನೀನು ದೊಡ್ಡ ಮಾಸ್ಟರ್. ಇವಳು ಕತ್ತರಿಸಿದ್ದನ್ನ ನೋಡಿ, ನಿನ್ನ ಕೈಲಾಗಲ್ಲ ಅಂತ ಹೇಳಿಬಿಡು. ನೀನು ಹೇಳಿದ್ರೆ ಕೇಳ್ತಾಳೆ."

ಹುಡುಗಿ ಒಳಗಿನಿಂದ ಒಂದು ಅಂಗಿ ತಂದು ಅವನ ಕೈಗಿಟ್ಟಳು. ಬಿಳಿಯ ಮೇಲೆ ನೀಲಿ ಗೆರೆಯ ಅಂಗಿ, ಕದ್ದುಮುಚ್ಚಿ ಕತ್ತರಿಸಿ ಹೊಲಿದದ್ದು. ಕೊಟ್ಟವಳು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋಗಿಬಿಟ್ಟಳು. ಮಾಸ್ಟರ್ ಅಂಗಿಯನ್ನು ತಿರುವಿ ನೋಡಿದ. ಜೇಬಿನ ಗೆರೆ ಎದೆಯ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತ್ತು. ಕಾಲರಿನ ಎರಡು ತುದಿಯೂ ಸಮ. ಯಾರೂ ಕಲಿಸದೆ ಈ ಕೆಲಸ ಮಾಡಿದವಳಿಗೆ ಕೈಲಾಗಲ್ಲ ಎಂದು ಹೇಳಬೇಕು. ಹೇಳಿದರೆ ನಂಬುತ್ತಾಳೆ, ಅವಳಮ್ಮ ನಂಬಿದ ಹಾಗೆಯೇ.

ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಅಕ್ಕ, ಪರದೆಗೆ ಹುಳ ಹಿಡಿದಿಲ್ಲ," ಎಂದ.

"ಮತ್ತೆ?"

"ಬಾಣ ತಪ್ಪು ಹಾಕಿದ್ದು ನಾನು. ಮಡಚಿ ಎರಡೆರಡು ಕತ್ತರಿಸಿದೆ. ಸವರಿ ನೋಡ್ಲಿಲ್ಲ. ನಿಮ್ಮ ಹೊಲಿಗೆ ಸರಿಯಾಗಿತ್ತು. ನಂಗೆ ಅವತ್ತೇ ಗೊತ್ತಿತ್ತು."

ಬೀದಿಯಲ್ಲಿ ಯಾರೋ ಸೈಕಲ್ಲು ನಿಲ್ಲಿಸಿ, ಪರದೆಯಕ್ಕಾ, ಪ್ಯಾಂಟ್ ಆಯ್ತಾ ಎಂದು ಕೂಗಿದರು. ನಾಳೆ ಬಾ ಎಂದಳು. ಸೈಕಲ್ಲು ಹೋಯಿತು. ಅವಳು ತನ್ನ ಬಲಗೈಯನ್ನು ಮಡಿಲಿನಲ್ಲಿ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ಮಾಸ್ಟರ್ ತಪ್ಪಾಯ್ತು ಅಕ್ಕ ಎಂದ. ಕೇಳಿಸಿತೋ ಇಲ್ಲವೋ.

"ಒರಟಾಗಿ ತಾಗಿತ್ತು," ಎಂದಳು ಕಡೆಗೆ. "ನಿಜವಾಗ್ಲೂ ತಾಗಿತ್ತು."

"ಹೂಂ ಅಕ್ಕ."

"ಜನ ನಕ್ಕಿದ್ದು ಬಿಡು, ಅಭ್ಯಾಸ ಆಗೋಯ್ತು. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲದ ಹಾಗೆ ಮಾಡಿಬಿಟ್ಯಲ್ಲೋ. ನಿನ್ನ ಹೆಸರು ಹೇಳಿ ದಿನಾ ಹರಸ್ತಿದ್ದೆ ನಾನು." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಅವನು ತಲೆ ತಗ್ಗಿಸಿದ. ಅಕ್ಕ ಮಗಳನ್ನು ಕೂಗಿದಳು. ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಇವಳ ಮುಂದೆ ಹೇಳು," ಎಂದಳು ಅಕ್ಕ.

ಒಂದು ಸಲ ಹೇಳಿದ್ದೇ ಜೀವ ಹೋಗುವಷ್ಟಾಗಿತ್ತು. ಎದುರಿಗೆ ನಿಂತಿದ್ದ ಹುಡುಗಿಯ ಮುಖದಲ್ಲಿ ಇನ್ನೂ ಗೌರವವಿತ್ತು, ಅಂಗಿಯ ಬಗ್ಗೆ ಏನು ಹೇಳುತ್ತಾರೋ ಎಂಬ ಅಳುಕಿತ್ತು. ಮಾಸ್ಟರ್ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ಮಖಮಲ್ ಬಟ್ಟೆ ಅಂದ್ರೆ ಬಹಳ ಸೂಕ್ಷ್ಮ, ಆ ಕಾಲದಲ್ಲಿ ಬೆಳಕು ಕಡಿಮೆ ಇತ್ತು..."

"ಬಟ್ಟೆ ಕತೆ ಅವಳಿಗೆ ಬೇಡ," ಎಂದಳು ಅಕ್ಕ. "ನಿನ್ನಿಂದ ಶುರುಮಾಡು."

ಹೇಳಿದ. ಮೇಜಿನ ಆಸೆಯಿಂದ ಹಿಡಿದು, ಯಜಮಾನರ ಮುಂದೆ ಆಡಿದ ಕನಿಕರದ ಮಾತಿನವರೆಗೆ, ನಿನ್ನೆ ಕೋಣೆಯಲ್ಲಿ ಕೂತು ಹೊಸೆದ ಹುಳದ ಸುಳ್ಳಿನವರೆಗೆ, ಒಂದನ್ನೂ ಬಿಡದೆ ಹೇಳಿದ. ನಡುವೆ ಒಮ್ಮೆ ಕಣ್ಣೆತ್ತಿ ನೋಡಿದ, ಮತ್ತೆ ಎತ್ತಲಿಲ್ಲ. ಮುಗಿದ ಮೇಲೆ ಹುಡುಗಿ ಮುಂದೆ ಬಂದು, ಅವನ ತೊಡೆಯ ಮೇಲಿದ್ದ ಅಂಗಿಯನ್ನು ಎತ್ತಿಕೊಂಡು ಅಮ್ಮನ ಕೈಗೆ ಕೊಟ್ಟಳು.

"ನೀನೇ ನೋಡು ಅಮ್ಮ," ಎಂದಳು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಭುಜ ಹಿಡಿದು ಒಮ್ಮೆ ಕೊಡವಿದಳು, ತೋಳುಗಳು ಹೇಗೆ ಇಳಿಬೀಳುತ್ತವೆ ಎಂದು ನೋಡಿದಳು. ಬಲತೋಳಿನ ಬುಡವನ್ನು ಹೆಬ್ಬೆರಳಿನಲ್ಲಿ ನಿಧಾನವಾಗಿ ಸವರಿದಳು.

"ಬಲತೋಳು ಒಂದು ನೂಲು ಹಿಂದಕ್ಕೆ ಹೋಗಿದೆ," ಎಂದಳು. "ಹೊಲಿಗೇದಲ್ಲ, ಕತ್ತರಿಸೋವಾಗ್ಲೇ ಹೋಗಿದೆ. ಕೈ ಮುಂದೆ ಚಾಚಿದ್ರೆ ಇಲ್ಲಿ ಎಳೆಯುತ್ತೆ."

ಮಾಸ್ಟರ್ ಕತ್ತು ಚಾಚಿ ನೋಡಿದ. ಹೌದು, ಹೋಗಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಅವನಿಗೆ ಅದು ಕಂಡಿರಲಿಲ್ಲ.

"ಎಲ್ಲಿ ಅಮ್ಮ?" ಎಂದು ಹುಡುಗಿ ಬಗ್ಗಿದಳು. ಅಕ್ಕ ಅವಳ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟಳು. ಇಬ್ಬರ ತಲೆಯೂ ಅಂಗಿಯ ಮೇಲೆ ಒಂದಾಯಿತು. ಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ, ಕೂತ್ಕೋ ಎಂದೂ ಹೇಳಲಿಲ್ಲ.